ಹೆಣದಣ್ಣನ ಸಾವುಗಳ ರೆಕಾರ್ಡಿಂಗು

ಆ ಬೀದಿಯಲ್ಲಿ ಹೆಣದಣ್ಣನಷ್ಟು ಸಲ ಸತ್ತವರು ಇನ್ನೊಬ್ಬರಿಲ್ಲ. ಗುಂಡು ತಿಂದು ಸತ್ತಿದ್ದಾನೆ, ಕತ್ತಿಯೇಟಿಗೆ ಸತ್ತಿದ್ದಾನೆ, ಮಹಡಿಯಿಂದ ಬಿದ್ದು ಸತ್ತಿದ್ದಾನೆ. ಒಂದು ಸಲವಂತೂ ನಾಯಕ ಬಾಯಿಂದ ಉಫ್ ಎಂದು ಊದಿದ್ದಕ್ಕೇ ಹಾರಿಹೋಗಿ ತರಕಾರಿ ಗಾಡಿಯ ಮೇಲೆ ಬಿದ್ದು ಪ್ರಾಣ ಬಿಟ್ಟಿದ್ದಾನೆ. ಇದೆಲ್ಲಾ ಸಿನಿಮಾದಲ್ಲಿ ಮತ್ತೆ! ನಾಯಕನನ್ನು ಹೊಡೆಯಲು ಗುಂಪಾಗಿ ಓಡಿ ಬಂದು, ಆಮೇಲೆ ಒಬ್ಬೊಬ್ಬರೇ ಸರದಿ ಕಾಯುತ್ತಾ ಒದೆ ತಿನ್ನುವ ಮರ್ಯಾದಸ್ಥ ರೌಡಿಗಳಿರುತ್ತಾರಲ್ಲ, ಅವರಲ್ಲಿ ಎಡಗಡೆಯಿಂದ ಎರಡನೆಯವನೋ ಮೂರನೆಯವನೋ ನಮ್ಮ ಹೆಣದಣ್ಣ. ಪ್ರಾಯವನ್ನೆಲ್ಲ ಸಾಯುವುದರಲ್ಲೇ ಕಳೆದು, ಈಗ ಸೊಂಟ ಹಿಡಿದುಕೊಂಡು ಆರಾಮವಾಗಿ ಬದುಕಿದ್ದಾನೆ.

ಅವನು ಈ ಕೆಲಸಕ್ಕೆ ಬಿದ್ದ ಕಥೆಯೂ ಸೊಗಸಾಗಿದೆ. ಮೊದಲು ಹಾಸಿಗೆ ಹೊಲಿಯುವ ಅಂಗಡಿಯಲ್ಲಿದ್ದ. ಶೂಟಿಂಗಿನವರು ಎತ್ತರದಿಂದ ಬೀಳುವವರ ಕೆಳಗೆ ಹಾಸಲು ದಪ್ಪ ಹಾಸಿಗೆ ಬೇಕೆಂದು ಹೇಳಿ ಕಳಿಸಿದರು. ಇವನು ತಲೆಯ ಮೇಲೆ ಹೊತ್ತುಕೊಂಡು ಹೋದ. ಅವತ್ತು ಬೀಳಬೇಕಾದವನು ಬರಲಿಲ್ಲ. ಫೈಟ್ ಮಾಸ್ತರು ಗೋಡೆಯ ಮೇಲೆ ನಿಂತು, ಇಲ್ಲಿಂದ ಹಾರೋ ಗಂಡಸು ಯಾರಯ್ಯಾ ಎಂದು ಕೂಗಾಡುತ್ತಿದ್ದ. ಅಲ್ಲಿದ್ದ ಗಂಡಸರೆಲ್ಲ ಚಪ್ಪಲಿ ನೋಡಿಕೊಂಡು ನಿಂತರು. ಇವನಿಗೆ ಧೈರ್ಯವೇನೂ ಹೆಚ್ಚಿರಲಿಲ್ಲ, ಆದರೆ ಕೆಳಗಿದ್ದ ಹಾಸಿಗೆ ತಾನೇ ತುಂಬಿ ಹೊಲಿದದ್ದು, ಅದರಲ್ಲಿ ಹತ್ತಿ ಎಷ್ಟಿದೆ ಎಂದು ಗೊತ್ತಿತ್ತು. ಹತ್ತಿದ, ಹಾರಿದ, ಬಿದ್ದ. ಅಂದಿನಿಂದ ಹಾಸಿಗೆ ಇದ್ದ ಕಡೆ, ಇಲ್ಲದ ಕಡೆ ಎಲ್ಲಾ ಬೀಳುತ್ತಲೇ ಹೋದ.

ಹೆಸರು ಕೊಟ್ಟವನೂ ಅದೇ ಮಾಸ್ತರು. ಸತ್ತು ಬಿದ್ದವನ ಕಾಲ ಮೇಲೆ ಇರುವೆ ಹತ್ತಿ, ಇವನು ಚೂರು ಅಲುಗಾಡಿದ. "ಲೇ ಹೆಣ, ಸುಮ್ನೆ ಬಿದ್ಕೊಳೋ!" ಎಂದು ಬೈದ ಮಾಸ್ತರು. ಆ ಹೆಸರು ಸೆಟ್ಟಿನಿಂದ ಬೀದಿಗೆ ಬಂದು, ಮರ್ಯಾದೆಗೆ ಒಂದು ಅಣ್ಣ ಸೇರಿಸಿಕೊಂಡು, ಹೆಣದಣ್ಣ ಎಂದಾಯಿತು. ಮದುವೆಯಾದ ಹೊಸದರಲ್ಲಿ ಯಾರೋ ಅವನ ಹೆಂಡತಿಯನ್ನು ಹೆಣದತ್ತಿಗೆ ಎಂದು ಕರೆದರಂತೆ. ಅವಳು ಬಕೆಟ್ ನೀರನ್ನು ಅವರ ತಲೆಯ ಮೇಲೇ ಸುರಿದಳು. ಎರಡನೆಯ ಸಲ ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಹೆಣದಣ್ಣನಿಗೆ ಅವನ ವಿದ್ಯೆಯ ಬಗ್ಗೆ ಭಾರಿ ಹೆಮ್ಮೆ. ಬೀಳುವಾಗ ಗದ್ದ ಎದೆಗೆ ಒತ್ತಿರಬೇಕು, ಅಂಗೈ ಮೊದಲು ನೆಲಕ್ಕೆ ಬಡಿಯಬೇಕು, ಬಿದ್ದ ಮೇಲೆ ಹೊಟ್ಟೆ ಏರಿಳಿಯಬಾರದು. ಕ್ಯಾಮೆರಾ ಆ ಕಡೆ ತಿರುಗುವ ತನಕ ಉಸಿರು ಬಿಡಬಾರದು. ಒಂದೇ ಒಂದು ಕೊರಗು, ಸಾಯುವಾಗ ಕೇಳಿಸುವ ಆ "ಆ...ಹ್" ಅವನದಲ್ಲ. ಅದನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಇನ್ನೊಬ್ಬ ಕೂಗುತ್ತಿದ್ದ. ಅವನೋ, ಎಲ್ಲಾ ರೌಡಿಗಳಿಗೂ ಒಂದೇ ಕೂಗು ಹಾಕುವ ಸೋಮಾರಿ.

ಅದಕ್ಕಿಂತ ದೊಡ್ಡ ಕೊರಗು ಇನ್ನೊಂದಿತ್ತು. ಇಷ್ಟು ವರ್ಷದಲ್ಲಿ ಅವನ ಹೆಂಡತಿ ಅವನ ಒಂದೇ ಒಂದು ಸಿನಿಮಾ ನೋಡಿರಲಿಲ್ಲ. ಕರೆದಾಗಲೆಲ್ಲ ಅವಳದು ಒಂದೇ ಉತ್ತರ. "ಅರ್ಧ ನಿಮಿಷ ನಿಮ್ಮ ಮುಖ ನೋಡೋಕೆ ಮೂರು ಗಂಟೆ ಯಾರ್ ಕೂತ್ಕೋತಾರ್ರೀ? ಇಲ್ಲಿ ದಿನಾ ನೋಡಿ ನೋಡಿ ಸಾಕಾಗಿಲ್ವಾ?" ಹೀಗೆಂದು ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಗೆ ಹೋಗಿಬಿಡುತ್ತಿದ್ದಳು. ಅಕ್ಕತಂಗಿಯರು ವರ್ಷದಲ್ಲಿ ಅರ್ಧ ಭಾಗ ಮಾತು ಬಿಟ್ಟಿರುತ್ತಿದ್ದರು. ಆದರೂ ಅಕ್ಕನ ಮನೆಗೆ ಹೋಗುವುದು ಮಾತ್ರ ತಪ್ಪುತ್ತಿರಲಿಲ್ಲ. ಹೆಂಗಸರ ಜಗಳ ಹೀಗೇ ಇರಬೇಕು ಎಂದುಕೊಂಡಿದ್ದ ಹೆಣದಣ್ಣ.

ಬಿದ್ದ ಪೆಟ್ಟನ್ನು ಅವನೂ ಮನೆಯಲ್ಲಿ ಹೇಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದು ಬಂದು ಊಟಕ್ಕೆ ಕೂರುತ್ತಿದ್ದ. ಆದರೆ ಎಷ್ಟೋ ತಿಂಗಳಾದ ಮೇಲೆ, ನೋವೆಲ್ಲ ಮಾಯವಾಗಿ ಅವನೇ ಮರೆತಿರುವಾಗ, ಅವಳು ಬಿಸಿ ಎಣ್ಣೆ ತಂದು "ಎಡ ಭುಜ ಕೊಡಿ ಇಲ್ಲಿ" ಎನ್ನುತ್ತಿದ್ದಳು. ಸರಿಯಾಗಿ ಎಡ ಭುಜವೇ! ಇವಳಿಗೆ ಹೇಗೆ ಗೊತ್ತಾಯಿತಪ್ಪಾ ಎಂದು ತಲೆ ಕೆರೆದುಕೊಂಡು, ನಿದ್ದೆಯಲ್ಲಿ ಬಡಬಡಿಸುತ್ತೇನೋ ಏನೋ ಎಂದು ಸುಮ್ಮನಾಗುತ್ತಿದ್ದ.

ಹೀಗಿರುವಾಗ ಮಗಳು ಹೊಸ ಕಂಪ್ಯೂಟರು ಕೊಂಡು, ಹಳೆಯದನ್ನು ಅಪ್ಪನ ಮನೆಗೆ ತಂದು ಹಾಕಿದಳು. ಕೊಡುಗೆ ಎಂದು ಹೇಳಿಕೊಂಡಳು. ಅವಳ ಮನೆಯಲ್ಲಿ ಜಾಗ ಇರಲಿಲ್ಲ ಅಷ್ಟೇ. ನಡುಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಅದು ಕೂತಿತು. ಮೊದಲ ವಾರವೆಲ್ಲ ಅದರ ಮುಂದೆ ಕೂತು ಇಸ್ಪೀಟು ಆಡಿದವಳು ಹೆಂಡತಿ. ಹೆಣದಣ್ಣನ ಕಣ್ಣು ಬಿದ್ದದ್ದು ಡಿಸ್ಕ್ ಹಾಕುವ ಬಾಯಿಯ ಮೇಲೆ. ಬಿಸ್ಕತ್ತಿನ ಡಬ್ಬಿಯಲ್ಲಿ ಅವನ ಸಿನಿಮಾಗಳ ಡಿಸ್ಕುಗಳಿದ್ದವು. ಟೀವಿಗೆ ಹಾಕುವ ಪ್ಲೇಯರು ಯಾವತ್ತೋ ಕೆಟ್ಟಿತ್ತು. ಡಿಸ್ಕುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವದರಲ್ಲಿ ಪೊರೆ ಬಂದಿತ್ತು, ಕೆಲವದರಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ಇನ್ನು ಸ್ವಲ್ಪ ದಿನ ಬಿಟ್ಟರೆ ತನ್ನ ಸಾವುಗಳೇ ಸತ್ತುಹೋಗುತ್ತವೆ ಎಂದು ಅವನಿಗೆ ನಿಜವಾಗಿ ದಿಗಿಲಾಯಿತು. ಆ ದಿಗಿಲಿನಲ್ಲೇ ಒಂದು ಉಪಾಯವೂ ಹೊಳೆಯಿತು.

"ಏ, ಮೂರು ಗಂಟೆ ಕೂರೋಕಾಗಲ್ಲ ಅಂತೀಯಲ್ಲ, ನಾನು ಸಾಯೋದನ್ನಷ್ಟೇ ಕತ್ತರಿಸಿ ಒಟ್ಟಿಗೆ ಸೇರಿಸ್ತೀನಿ. ಕಾಫಿ ಕುಡಿಯೋಷ್ಟರಲ್ಲಿ ಮುಗಿದುಹೋಗುತ್ತೆ. ಆಗಲಾದ್ರೂ ನೋಡ್ತೀಯಾ?" ಎಂದು ಕೇಳಿದ.

"ಮೊದ್ಲು ಮಾಡಿ, ಆಮೇಲೆ ಮಾತಾಡಿ," ಎಂದಳು ಅವಳು, ಇಸ್ಪೀಟಿನಿಂದ ತಲೆ ಎತ್ತದೆ.

ಅವನಿಗೆ ಅಷ್ಟೇ ಸಾಕಾಯಿತು. ಒಂದೇ ಒಂದು ಸಲ ಅವಳು ತನ್ನ ಕೆಲಸ ನೋಡಬೇಕು, ಹುಬ್ಬು ಹಾರಿಸಿ "ಪರವಾಗಿಲ್ವೇ" ಎನ್ನಬೇಕು. ಸಾವಿರ ಜನ ಶಿಳ್ಳೆ ಹೊಡೆದದ್ದು ನಾಯಕನಿಗೆ. ಇವನಿಗೆ ಬೇಕಾಗಿದ್ದದ್ದು ಈ ಒಬ್ಬಳ ಒಂದು ಮಾತು.

ಕೆಳಗಿನ ಝೆರಾಕ್ಸ್ ಅಂಗಡಿಯ ಅಕ್ಕನ ಹತ್ತಿರ ಓಡಿದ. ಅವಳು ಇವನ ಮಗಳ ವಯಸ್ಸಿನವಳು, ಆದರೆ ಇಡೀ ಬೀದಿಗೆ ಅಕ್ಕ. ಡಿಸ್ಕು ನೋಡಿ ತಲೆಯಾಡಿಸಿದಳು. "ಇದಕ್ಕೆ ಬೀಗ ಹಾಕಿರ್ತಾರಣ್ಣಾ, ಕಾಪಿ ಆಗಲ್ಲ. ಸಿನಿಮಾ ಓಡ್ತಿರೋವಾಗ ಪರದೇನೇ ರೆಕಾರ್ಡ್ ಮಾಡ್ಕೋಬಹುದು. ಆದ್ರೆ ಅದೂ ಕಳ್ಳತನ ಅಂತಾರೆ, ನೋಡಿ."

ಹೆಣದಣ್ಣನಿಗೆ ಮೈ ಉರಿದುಹೋಯಿತು. "ಕಳ್ಳತನಾನಾ? ನಾನೇನು ಸಿನಿಮಾ ಕದೀತಿದೀನೇನಮ್ಮಾ? ನಾಯಕನ್ನ ಅವರೇ ಇಟ್ಕೊಳ್ಲಿ, ನಾಯಕೀನೂ ಇಟ್ಕೊಳ್ಲಿ. ನನ್ನ ಹೆಣ ನಾನು ಮನೆಗೆ ತಗೊಂಡು ಹೋದ್ರೆ ಯಾವನಪ್ಪನ ಗಂಟು ಹೋಯ್ತು?"

ಅಕ್ಕ ನಗುತ್ತಾ ಅವನ ಜೊತೆ ಮನೆಗೆ ಬಂದಳು. ರೆಕಾರ್ಡ್ ಮಾಡುವ ತಂತ್ರಾಂಶವನ್ನು ಅವನ ಕಂಪ್ಯೂಟರಿಗೆ ಹಾಕಿಕೊಟ್ಟಳು. ಹೆಣದಣ್ಣ ಬಾಗಿಲು ಹಾಕಿ, ಡಿಸ್ಕನ್ನು ಒಳಗೆ ತಳ್ಳಿದ. ಡ್ರೈವು ಹಿಟ್ಟಿನ ಗಿರಣಿಯ ಹಾಗೆ ಕೂಗಿಕೊಂಡು ಕೊನೆಗೆ ಸಿನಿಮಾ ತೋರಿಸಿತು. ರೆಕಾರ್ಡು ಒತ್ತಿದ, ತಾನು ಸಾಯುವುದನ್ನು ಕಣ್ತುಂಬ ನೋಡಿದ, ನಿಲ್ಲಿಸಿದ. ರೆಕಾರ್ಡಾದದ್ದನ್ನು ತೆರೆದು ನೋಡಿದರೆ ಪರದೆಯ ತುಂಬ ಕಪ್ಪು. ಆ ಕಪ್ಪಿನೊಳಗಿಂದ ಢಿಶುಂ ಢಿಶುಂ ಎಂಬ ಸದ್ದು, ಆಮೇಲೆ ಆ ಸೋಮಾರಿಯ "ಆ...ಹ್".

ಅನ್ಯಾಯ ಅಂದರೆ ಇದು, ಸ್ವಾಮಿ! ದೇಹ ಇವನದು, ಕೂಗು ಇನ್ನೊಬ್ಬನದು. ಈ ದರಿದ್ರ ಯಂತ್ರ ಇವನ ದೇಹವನ್ನು ನುಂಗಿ ಆ ಇನ್ನೊಬ್ಬನ ಕೂಗನ್ನು ಜೋಪಾನ ಮಾಡಿಟ್ಟಿತ್ತು. ಹೆಣದಣ್ಣ ಕಂಪ್ಯೂಟರಿನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ನೆನೆದ.

ಅಕ್ಕನಿಗೂ ಮೊದಲು ತಿಳಿಯಲಿಲ್ಲ. ವೈರು ಬದಲಾಯಿಸಿ ನೋಡಿ ಎಂದಳು. ಬದಲಾಯಿಸಿದ, ಕಪ್ಪೇ ಬಂತು. ತಂತ್ರಾಂಶ ಕಿತ್ತು ಮತ್ತೆ ಹಾಕಿದಳು, ಆಗಲೂ ಕಪ್ಪೇ. ಕೊನೆಗೆ ಯಾರನ್ನೋ ಫೋನಿನಲ್ಲಿ ಕೇಳಿಕೊಂಡು ಬಂದು ವಿವರಿಸಿದಳು. "ಪ್ಲೇಯರು ಚಿತ್ರಾನ ಸೀದಾ ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಬಿಡುತ್ತಂತಣ್ಣಾ. ಹಾಲಿನೋನು ಹಿತ್ತಲ ಬಾಗಿಲಲ್ಲಿ ಹಾಲು ಕೊಟ್ಟು ಹೋದ್ರೆ, ಮುಂದಿನ ಬಾಗಿಲಲ್ಲಿ ಪಾತ್ರೆ ಹಿಡ್ಕೊಂಡು ನಿಂತೋರಿಗೆ ಏನ್ ಸಿಗುತ್ತೆ?" ಪ್ಲೇಯರಿನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಎಂಬಲ್ಲಿದ್ದ ಟಿಕ್ಕನ್ನು ತೆಗೆದಳು. ಚಿತ್ರ ಬಂತು! ಹೆಣದಣ್ಣ ಸೊಂಟ ನೋವು ಮರೆತು ಕುಣಿದಾಡಿದ.

ಕುಣಿತ ಜಾಸ್ತಿ ಹೊತ್ತು ಉಳಿಯಲಿಲ್ಲ. ಹಳೆ ಯಂತ್ರ ಏದುಸಿರು ಬಿಡುತ್ತಾ ರೆಕಾರ್ಡು ಮಾಡುವಾಗ ನಡುನಡುವೆ ಚಿತ್ರ ಹಾರಿಹೋಗುತ್ತಿತ್ತು. ಎಲ್ಲಿ ಹಾರುತ್ತಿತ್ತು ಹೇಳಿ? ಸರಿಯಾಗಿ ಅವನು ಬೀಳುವಲ್ಲಿ! ಈಗ ಮಹಡಿಯ ಮೇಲೆ ನಿಂತಿದ್ದಾನೆ, ಮರುಗಳಿಗೆಗೆ ನೆಲದಲ್ಲಿ ಮಲಗಿದ್ದಾನೆ. ನಡುವಿನ ವಿದ್ಯೆಯೆಲ್ಲ ಮಂಗಮಾಯ. ನೋಡಿದವರು ಇವನಿಗೆ ನಿದ್ದೆ ಬಂದು ಮಲಗಿದ ಎಂದುಕೊಳ್ಳಬೇಕು. ಹಿಂದುಗಡೆ ಹೆಂಡತಿಯ ಇಸ್ಪೀಟು ತೆರೆದೇ ಇತ್ತು. ಅದನ್ನು ಮುಚ್ಚಿ, ಮಗಳು ಯಾವ ಕಾಲದಲ್ಲೋ ತುಂಬಿಟ್ಟ ಕಸವನ್ನೆಲ್ಲ ಮುಚ್ಚಿ, ಸಿನಿಮಾವನ್ನು ಸಣ್ಣ ಕಿಟಕಿಯಲ್ಲಿ ಓಡಿಸಿದ ಮೇಲೆ ಬೀಳುವುದೂ ರೆಕಾರ್ಡಾಯಿತು. ಆದರೆ ಮೌಸಿನ ಬಾಣ ಅವನ ಮೂಗಿನ ಮೇಲೇ ನೊಣದ ಹಾಗೆ ಕೂತಿತ್ತು. ಅದನ್ನು ಮೂಲೆಗೆ ಅಟ್ಟಿದರೆ, ಮರುದಿನ ಅವನು ಸಾಯುವ ಹೊತ್ತಿಗೆ ಸ್ಕ್ರೀನ್ ಸೇವರು ಎದ್ದು ಬಣ್ಣಬಣ್ಣದ ಮೀನುಗಳು ಅಡ್ಡಾಡಿದವು. ಅದನ್ನೂ ಅಕ್ಕ ಬಂದು ಆರಿಸಿದಳು.

ಇಷ್ಟಕ್ಕೆ ಬಿಟ್ಟಿದ್ದರೆ ಎಲ್ಲಾ ಸರಿಹೋಗುತ್ತಿತ್ತು. ಆದರೆ ಮನುಷ್ಯನಿಗೆ ಆಸೆ. ತಂತ್ರಾಂಶದಲ್ಲಿ ಮೈಕು ಎಂಬ ಗುರುತು ಕಂಡಿತು. ಮಗಳು ಮಾತಾಡಲೆಂದು ಪರದೆಯ ನೆತ್ತಿಯ ಮೇಲೆ ಸಿಕ್ಕಿಸಿಹೋದ ಕ್ಯಾಮೆರಾದಲ್ಲಿ ಮೈಕೂ ಇತ್ತು. ಆ ಸೋಮಾರಿಯ ಕೂಗಿನ ಮೇಲೆ ತನ್ನ ಸ್ವಂತ ಕೂಗನ್ನು ಹಾಕಿದರೆ ಹೇಗೆ ಎಂದುಕೊಂಡ ಹೆಣದಣ್ಣ. ಮೈಕನ್ನು ಆನ್ ಮಾಡಿ, ಕುರ್ಚಿಯ ತುದಿಯಲ್ಲಿ ಕೂತು, ಪರದೆಯ ಮೇಲೆ ಕತ್ತಿ ಹೊಟ್ಟೆಗೆ ಇಳಿಯುತ್ತಲೂ, ಇಷ್ಟು ವರ್ಷ ಒಳಗೆ ಅಡಗಿಸಿಟ್ಟಿದ್ದ ಕೂಗನ್ನೆಲ್ಲ ಹೊರಗೆ ಬಿಟ್ಟ.

ಮೇಲಿನ ಮನೆಯ ನರ್ಸಮ್ಮ ಬಿಪಿ ನೋಡುವ ಯಂತ್ರ ಹಿಡಿದು ಬರಿಗಾಲಲ್ಲಿ ಓಡಿಬಂದಳು. ಹೆಂಡತಿ ಸೌಟು ಹಿಡಿದು ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತ್ರೀ? ಎಲ್ಲಿ ನೋವು?"

"ನೋವಿಲ್ಲ ಕಣೇ. ಸಾಯ್ತಿದ್ದೆ."

ಸೌಟು ನೆಲಕ್ಕೆ ಬಿತ್ತು. "ನಿಮ್ಮ ಸಾವಿಗಿಷ್ಟು ಬೆಂಕಿ ಹಾಕ!" ಎಂದು ಅವಳು ಅಡುಗೆಮನೆಗೆ ಹೋದವಳು ಅವತ್ತೆಲ್ಲ ಮಾತಾಡಲಿಲ್ಲ. ನರ್ಸಮ್ಮ ಬಂದದ್ದಕ್ಕೆ ಬಿಪಿ ನೋಡಿ, ಸ್ವಲ್ಪ ಜಾಸ್ತಿಯೇ ಇದೆ ಎಂದು ಹೇಳಿಹೋದಳು.

ಸುದ್ದಿ ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣಾ, ಕಂಪ್ಯೂಟರಲ್ಲಿ ಏನೂ ಪ್ರಾಬ್ಲಮ್ ಇಲ್ಲ. ನೀವು ಆ ರೂಮಲ್ಲಿರೋದೇ ಪ್ರಾಬ್ಲಮ್. ರೆಕಾರ್ಡ್ ಒತ್ತಿ, ಪ್ಲೇ ಒತ್ತಿ, ಎದ್ದು ಆಚೆ ಬನ್ನಿ. ಮುಗಿಯೋತನಕ ಒಳಗೆ ಕಾಲಿಡ್ಬೇಡಿ."

ಹೆಣದಣ್ಣ ಹಾಗೇ ಮಾಡಿದ. ಮಧ್ಯಾಹ್ನದ ಊಟವಾದ ಮೇಲೆ ಒಂದು ಡಿಸ್ಕು ಹಾಕಿ, ತನ್ನ ದೃಶ್ಯಕ್ಕಿಂತ ಸ್ವಲ್ಪ ಮುಂಚೆ ನಿಲ್ಲಿಸಿ, ಎರಡೂ ಗುಂಡಿ ಒತ್ತಿ, ಸೆಟ್ಟಿನಲ್ಲಿ ಕೂಗುವ ಹಾಗೆ "ಸೈಲೆನ್ಸ್!" ಎಂದು ಕೂಗಿ ಹೊರಗೆ ಬರುತ್ತಿದ್ದ. ಹೆಂಡತಿಯೂ ಅಚ್ಚರಿಯೆಂಬಂತೆ ತಕರಾರು ಮಾಡಲಿಲ್ಲ. "ನೀವು ಅಂಗಡಿ ಹತ್ರ ಹೋಗಿ ಕೂತ್ಕೊಳ್ಳಿ. ಯಾರೂ ಒಳಗೆ ಹೋಗದ ಹಾಗೆ ನಾನು ಬಾಗಿಲು ಕಾಯ್ತೀನಿ," ಎಂದಳು. ಅವನು ಝೆರಾಕ್ಸ್ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ ತನ್ನ ಸಾವುಗಳನ್ನು ವರ್ಣಿಸಿ, ಅಕ್ಕ ತರಿಸಿದ ಟೀ ಕುಡಿದು ವಾಪಸು ಬಂದು ಡಿಸ್ಕು ತೆಗೆಯುತ್ತಿದ್ದ. ಹೀಗೆ ಡಬ್ಬಿ ಖಾಲಿಯಾಗುವ ತನಕ ನಡೆಯಿತು. ಆದದ್ದನ್ನು ಅವತ್ತವತ್ತೇ ತೆರೆದು ನೋಡಲಿಲ್ಲ. ಸೆಟ್ಟಿನಲ್ಲಿ ಅವನಂಥವರಿಗೆ ತೆಗೆದದ್ದನ್ನು ಅಲ್ಲೇ ತೋರಿಸುವ ಪದ್ಧತಿ ಎಲ್ಲಿತ್ತು? ಬಿದ್ದು, ಎದ್ದು, ಮೈ ಕೊಡವಿಕೊಂಡು ಮನೆಗೆ ಹೋಗುವುದು. ಸಿನಿಮಾ ಬಂದಾಗ ನೋಡುವುದು. ಆ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ. ಮೈಕು ಆನಾಗಿಯೇ ಇರುವುದೂ ಅವನಿಗೆ ನೆನಪಿರಲಿಲ್ಲ.

ಎಲ್ಲಾ ಮುಗಿದ ದಿನ, ತುಂಡುಗಳನ್ನು ಜೋಡಿಸಿಕೊಡಲು ಅಕ್ಕ ಮನೆಗೆ ಬಂದಳು. ಹೆಂಡತಿ ತರಕಾರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ತಯಾರು ಮಾಡಿ, ಕುರ್ಚಿ ಹಾಕಿ ಕೂರಿಸಿಬಿಡಬೇಕು ಎಂದು ಹೆಣದಣ್ಣ ಕೈ ಹೊಸೆಯುತ್ತಾ ನಿಂತಿದ್ದ. ಅಕ್ಕ ಮೊದಲನೆಯದನ್ನು ತೆರೆದಳು. ಚಿತ್ರ ಕನ್ನಡಿಯ ಹಾಗೆ ಬಂತು. ಮೂಗಿನ ಮೇಲೆ ಬಾಣವಿಲ್ಲ, ಮೀನುಗಳಿಲ್ಲ. ಆದರೆ ಸದ್ದು ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು. ಫ್ಯಾನಿನ ಗಿರಗಿರ, ಅಡುಗೆಮನೆಯ ಕುಕ್ಕರಿನ ಸೀಟಿ, ಬಾಗಿಲು ಕಿರ್ ಎಂದದ್ದು, ಕುರ್ಚಿ ಎಳೆದದ್ದು ಎಲ್ಲಾ ಕೇಳುತ್ತಿತ್ತು.

"ಅಯ್ಯೋ ಅಣ್ಣಾ! ಮೈಕ್ ಆನ್ ಇಟ್ಟೇ ರೆಕಾರ್ಡ್ ಮಾಡಿದೀರಲ್ಲ! ಮನೆ ಗಲಾಟೆಯೆಲ್ಲಾ ಸೇರ್ಕೊಂಡಿದೆ. ಎಲ್ಲಾ ಹಾಳಾಯ್ತು, ಮತ್ತೆ ಮೊದ್ಲಿಂದ..."

"ತಡಿ," ಎಂದ ಹೆಣದಣ್ಣ.

ಪರದೆಯ ಮೇಲೆ ಪ್ರಾಯದ ಹೆಣದಣ್ಣ ಮಹಡಿಯ ಅಂಚಿನಲ್ಲಿ ದೊಣ್ಣೆ ಹಿಡಿದು ನಿಂತಿದ್ದ. ನಾಯಕ ಇನ್ನೂ ಚಿತ್ರದೊಳಗೆ ಬಂದೇ ಇರಲಿಲ್ಲ. ಅಷ್ಟರಲ್ಲಿ ಸ್ಪೀಕರಿನಿಂದ ಒಂದು ಹೆಂಗಸಿನ ದನಿ ಬಂತು.

"ಹಿಂದೆ ನೋಡ್ರೀ... ಹಿಂದೆ. ಬಂದ ನೋಡಿ ಮುಂಡೇದು, ಬಂದ."

ನಾಯಕ ಹಿಂದಿನಿಂದ ಬಂದ, ಒದ್ದ. ಹೆಣದಣ್ಣ ಗಾಳಿಯಲ್ಲಿದ್ದಾಗಲೇ ಅದೇ ದನಿ, "ಎಡ ಭುಜ, ಎಡ ಭುಜ" ಎಂದಿತು. ಅವನು ಎಡ ಭುಜದ ಮೇಲೇ ಬಿದ್ದ. "ಸ್..." ಎಂದಿತು ದನಿ, ತನಗೇ ಪೆಟ್ಟಾದ ಹಾಗೆ. ಕ್ಯಾಮೆರಾ ನಾಯಕನ ಮುಖದ ಕಡೆ ತಿರುಗಿತು, ಹಿನ್ನೆಲೆಯಲ್ಲಿ ಡೋಲು ಶುರುವಾಯಿತು. ನಾಯಕನ ಮುಖದ ಮೇಲೆಯೇ ಆ ದನಿ ಮೆಲ್ಲಗೆ ಹೇಳಿತು: "ಕ್ಯಾಮೆರಾ ಆ ಕಡೆ ಹೋಯ್ತು. ಏಳಿ. ಇನ್ನು ಏಳ್ರೀ."

ಹೆಣದಣ್ಣ ಎರಡನೆಯದನ್ನು ಹಾಕು ಎಂದ. ಅಲ್ಲೂ ಕತ್ತಿ ಕಾಣುವ ಮುಂಚೆಯೇ ದನಿಗೆ ಕತ್ತಿ ಗೊತ್ತಿತ್ತು. ಮೂರನೆಯದರಲ್ಲಿ ತರಕಾರಿ ಗಾಡಿ ಕಾಣುವ ಮೊದಲೇ, "ಥೂ, ಆ ಗಾಡೀಲಿ ಮೊಳೆ ಇದ್ವು" ಎಂದಿತು. ನಿಜ, ಕಣ್ಣಿಟ್ಟು ನೋಡಿದವರಿಗೆ ಪರದೆಯ ಮೇಲೂ ಗಾಡಿಯ ಅಂಚಿನ ಮೊಳೆಗಳು ಕಾಣುತ್ತಿದ್ದವು. ಆ ಗಾಯವನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಒಂದೊಂದರ ಕೊನೆಗೂ, ಕ್ಯಾಮೆರಾ ತಿರುಗಿದ ಮೇಲೆ, ಅದೇ ಮಾತು. ಏಳಿ.

ಅಕ್ಕ ಮೌಸಿನಿಂದ ಕೈ ತೆಗೆದಳು. "ಸೌಂಡ್ ಬೇರೆ ಹಾಕ್ಕೊಡ್ಲಾ ಅಣ್ಣಾ?" ಎಂದು ಕೇಳಿ, ಅವನ ಮುಖ ನೋಡಿ, "ಅಂಗಡಿ ತೆರೆದೇ ಬಂದ್ಬಿಟ್ಟಿದೀನಿ" ಎಂದು ಎದ್ದು ಹೋದಳು.

ಹೆಂಡತಿ ಚೀಲ ಹೊತ್ತು ಬಂದಾಗ ಅವನು ಪರದೆಯ ಮುಂದೆಯೇ ಕೂತಿದ್ದ.

"ನಿಮ್ಮಕ್ಕನ ಮನೆಗೆ ಅಂತ ಹೋಗ್ತಿದ್ಯಲ್ಲ," ಎಂದ. "ಯಾವ ಟಾಕೀಸು?"

ಅವಳು ಚೀಲ ಇಳಿಸಿದಳು. ಪರದೆ ನೋಡಿದಳು, ನೆತ್ತಿಯ ಮೇಲಿನ ಮೈಕು ನೋಡಿದಳು. ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದು ತಿಳಿಯಲು ಅವಳಿಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

"ಎಲ್ಲಿ ಬಂದ್ರೆ ಅಲ್ಲಿ," ಎಂದಳು.

"ಎಲ್ಲಾನೂ ನೋಡಿದೀಯಾ?"

"ಹೂಂ. ಮೊದಲನೇ ಸಲ ಗೊಳೋ ಅಂತ ಅತ್ತುಬಿಟ್ಟೆ. ಪಕ್ಕದ ಸೀಟಿನೋಳು, ಯಾಕಮ್ಮಾ ಅಳ್ತೀಯ, ಸತ್ತಿದ್ದು ರೌಡಿ ತಾನೇ ಅಂದ್ಲು. ಕಪಾಳಕ್ಕೆ ಬಾರಿಸೋಣ ಅನ್ನಿಸ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ನಾನು ಬಾ ಬಾ ಅಂತ ಎಷ್ಟು ಗೋಗರೆದೆ!"

"ನೋಡಿದೆ ಅಂದ್ರೆ ಹೇಗಿತ್ತು ಅಂತ ಕೇಳ್ತೀರಿ. ಚೆನ್ನಾಗಿ ಸತ್ರಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದಳು ಅವಳು ಸಿಟ್ಟಿನಲ್ಲೇ. "ಬಾಯಿ ತೆಗೆದಿದ್ರೆ, ಈ ಹಾಳು ಕೆಲಸ ಬಿಟ್ಬಿಡಿ ಅಂತಾನೇ ಬರ್ತಿತ್ತು. ನಾನು ಅಂದಿದ್ರೆ ನೀವು ಬಿಟ್ಟೂ ಬಿಡ್ತಿದ್ರಿ. ಬಿಟ್ಟು ಮತ್ತೆ ಹಾಸಿಗೆ ಹೊಲೀತಾ ಮುಖ ಊದಿಸ್ಕೊಂಡು ಕೂತಿರ್ತಿದ್ರಿ. ಅದನ್ನ ನೋಡೋಕಿಂತ ಇದೇ ವಾಸಿ ಅಂತ ಬಾಯಿ ಮುಚ್ಕೊಂಡೆ."

ಹೆಣದಣ್ಣ ಏನಾದರೂ ತಮಾಷೆ ಮಾಡೋಣವೆಂದು ನೋಡಿದ, ಒಂದೂ ಹೊಳೆಯಲಿಲ್ಲ. ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದ. ಅವಳು ಗೊಣಗುತ್ತಲೇ ಕೂತಳು. ಪ್ಲೇ ಒತ್ತಿದ. ಇಬ್ಬರೂ ನೋಡಿದರು. ಒದೆ ತಿಂದು ಮಹಡಿಯ ಅಂಚಿನಿಂದ ಹಾರಿದ ಹೆಣದಣ್ಣ ಗದ್ದ ಎದೆಗೊತ್ತಿ, ಅಂಗೈ ಬಡಿದು, ಎಡ ಭುಜದ ಮೇಲೆ ನೆಲಕ್ಕೆ ಬಿದ್ದ. ಹೊಟ್ಟೆ ಅಲುಗಲಿಲ್ಲ.

"ಉಸಿರು ಬಿಡ್ಲಿಲ್ಲ ನೋಡು," ಎಂದ ಪಿಸುದನಿಯಲ್ಲಿ.

"ಗೊತ್ತು. ನಾನೂ ಬಿಡ್ತಿರ್ಲಿಲ್ಲ," ಎಂದಳು.

ಕ್ಯಾಮೆರಾ ತಿರುಗಿತು. ಡೋಲು ಶುರುವಾಯಿತು. ಸ್ಪೀಕರಿನೊಳಗಿನ ಅವಳು, ಏಳಿ, ಇನ್ನು ಏಳ್ರೀ, ಎಂದಳು. ಪಕ್ಕದಲ್ಲಿದ್ದ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೆಣದಣ್ಣ ಮೇಜು ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ಮಂಡಿ ಲಟಲಟ ಎನ್ನುತ್ತಿದ್ದರೂ ಕುರ್ಚಿಯಿಂದ ನೆಟ್ಟಗೆ ಎದ್ದು ನಿಂತ.

"ಎದ್ದೆ ಕಣೇ," ಎಂದ. "ನೋಡು, ಎದ್ದೆ."